ಬ್ಯಾಟ್ ಬದಲಿಸುವ ಮೊದಲು ಗಟ್ಟಿಂಗ್ ಬದಲಿಸಿ: ಮೂರು ಶಟಲ್ ಬ್ಯಾಟ್‌ಗಳ ಹೋಲಿಕೆ

ನಮ್ಮ ಪಡಸಾಲೆಯ ಗೋಡೆಯ ಮೊಳೆಗಳಿಗೆ ಮೂರು ಶಟಲ್ ಬ್ಯಾಟ್‌ಗಳು ತೂಗುಬಿದ್ದಿವೆ. ಒಂದರ ಬೆಲೆ 750 ರೂಪಾಯಿ, ಇನ್ನೊಂದರದು 6,400, ಮೂರನೆಯದರದು 2,300. ಬೆಳಗಿನ ಜಾವ ಆಟಕ್ಕೆ ಹೊರಟಾಗ ನನ್ನ ಕೈ ಹೋಗುವುದು 2,300 ರೂಪಾಯಿಯ ಬ್ಯಾಟಿಗೆ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಆಟ ಕಲಿತು ವರ್ಷವಾಯಿತು, ಇನ್ನು ದೊಡ್ಡ ಬ್ಯಾಟ್ ಕೊಳ್ಳೋಣ ಎಂದು ಹೊರಟವರು ಹಣ ಕಟ್ಟುವ ಮೊದಲೇ ಈ ಮಾತು ಅವರ ಕಿವಿಗೆ ಬೀಳಲಿ ಎಂಬುದು ನನ್ನ ಆಸೆ.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶಟಲ್ ಆಡಲು ಶುರು ಮಾಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಸಪ್ತಾಪುರದ ಹತ್ತಿರ ಮ್ಯಾಟ್ ಹಾಸಿದ ಒಳಾಂಗಣ ಕೋರ್ಟ್ ಇದೆ. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಆರರಿಂದ ಏಳರವರೆಗೆ ಅಲ್ಲಿ ಆಡುತ್ತೇನೆ. ಬಹುತೇಕ ಡಬಲ್ಸ್, ಯಾವಾಗಲೂ ನೈಲಾನ್ ಶಟಲ್. ಮುಂದೆ ನಾನು ಹೇಳುವುದೆಲ್ಲ ಈ ಬಗೆಯ ಆಟಕ್ಕೆ ಸಂಬಂಧಿಸಿದ್ದು. ಪಂದ್ಯಾವಳಿ ಆಡುವವರ ಲೆಕ್ಕ ಬೇರೆ, ಅದನ್ನೂ ಹೇಳುತ್ತೇನೆ.

ಮೊದಲ ಬ್ಯಾಟನ್ನು ಸುಭಾಸ್ ರಸ್ತೆಯಲ್ಲಿ ಕೊಂಡೆ. ತಲೆ ಅಲ್ಯೂಮಿನಿಯಂ, ದಂಡ ಉಕ್ಕು. ಅದನ್ನು ದೂರಲು ನನಗೆ ಮನಸ್ಸಿಲ್ಲ. ಸರ್ವಿಸ್ ಮಾಡಲು, ಶಟಲ್ ಬರುವ ದಿಕ್ಕಿಗೆ ಹೆಜ್ಜೆ ಹಾಕಲು, ಸೋತರೂ ಮರುದಿನ ಮತ್ತೆ ಹೋಗಲು ಕಲಿತದ್ದು ಅದರಿಂದಲೇ. ನೆಲಕ್ಕೆ ಬಡಿದರೂ ಎದೆ ಝಲ್ ಎನ್ನದಷ್ಟು ಅಗ್ಗದ ಬ್ಯಾಟ್ ಮೊದಲ ಆರು ತಿಂಗಳು ಕೈಯಲ್ಲಿರುವುದು ಒಳ್ಳೆಯದು. ತೂಕ ಹೆಚ್ಚು, ಅಷ್ಟೇ.

ಎಂಟನೆಯ ತಿಂಗಳ ಹೊತ್ತಿಗೆ ಒಂದು ಕೊರತೆ ಕಾಡತೊಡಗಿತು. ಕೋರ್ಟಿನ ಉದ್ದ 13.4 ಮೀಟರ್. ನಮ್ಮ ಹಿಂದಿನ ಗೆರೆಯಿಂದ ಎದುರಾಳಿಯ ಹಿಂದಿನ ಗೆರೆಗೆ ಎತ್ತಿ ಹೊಡೆಯುವ ಟಾಸ್ ನನಗೆ ಸಾಧಿಸುತ್ತಿರಲಿಲ್ಲ. ಶಟಲ್ ನಡುವಿನಲ್ಲೇ ಇಳಿಯುತ್ತಿತ್ತು, ಎದುರಿನವರು ಅದನ್ನು ಸ್ಮ್ಯಾಷ್ ಮಾಡಿ ಮುಗಿಸುತ್ತಿದ್ದರು. ತಪ್ಪು ಬ್ಯಾಟಿನದೇ ಎಂದು ನಾನು ತೀರ್ಮಾನಿಸಿಬಿಟ್ಟೆ.

ನಮ್ಮ ಗುಂಪಿನಲ್ಲಿ ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಅವರು ನನ್ನ ಬ್ಯಾಟನ್ನು ತೆಗೆದುಕೊಂಡು, ಗಟ್ಟನ್ನು, ಅಂದರೆ ತಲೆಗೆ ಹೆಣೆದ ಎಳೆಗಳನ್ನು, ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಬರೀ ಸಡಿಲವಾಗಿಲ್ಲ ತಂಗೀ, ಸತ್ತಿದೆ. ಬ್ಯಾಟ್ ಬದಲಿಸಬೇಡ, ಗಟ್ಟಿಂಗ್ ಮಾಡಿಸು. ಮೊಣಕೈಯನ್ನು ಇನ್ನಷ್ಟು ಮೇಲೆತ್ತಿ ಹೊಡಿ" ಎಂದರು. 750 ರೂಪಾಯಿಯ ಬ್ಯಾಟಿಗೆ ಗಟ್ಟಿಂಗ್ ಖರ್ಚು ಯಾಕೆ ಎಂದು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಅದೇ ವಾರ ಮೊಬೈಲಿನಲ್ಲಿ ದಸರೆಯ ರಿಯಾಯಿತಿ ಮಾರಾಟ ಶುರುವಾಗಿತ್ತು.

ಹಾಗೆ ಬಂದದ್ದು 6,400 ರೂಪಾಯಿಯ ಬ್ಯಾಟ್. ಪೂರ್ತಿ ಗ್ರಾಫೈಟ್, ತಲೆಯ ಕಡೆ ಭಾರ, ಬಾಗದ ಬಿಗಿ ದಂಡ. ಸ್ಮ್ಯಾಷ್‌ಗೆ ಹೇಳಿಮಾಡಿಸಿದ್ದು ಎಂದು ಬರೆದಿತ್ತು. ನನಗೆ ಬೇಕಾಗಿದ್ದದ್ದು ಟಾಸ್, ಆ ವ್ಯತ್ಯಾಸ ಆಗ ಹೊಳೆಯಲಿಲ್ಲ. ಪೆಟ್ಟಿಗೆ ತೆರೆದರೆ ಒಳಗೆ ಖಾಲಿ ಚೌಕಟ್ಟು! ದುಬಾರಿ ಬ್ಯಾಟ್‌ಗಳು ಹಲವು ಸಲ ಗಟ್ ಇಲ್ಲದೆಯೇ ಬರುತ್ತವೆ, ಆಡುವವರು ತಮಗೆ ಬೇಕಾದ ಬಿಗಿಗೆ ಹಾಕಿಸಿಕೊಳ್ಳಲಿ ಎಂದು. ನನ್ನ ತೊಂದರೆ ಶುರುವಾದದ್ದು ಅಲ್ಲಿಂದ.

ಜ್ಯುಬಿಲಿ ವೃತ್ತದಲ್ಲಿ ಚಿಗರಿ ಬಸ್ ಹತ್ತಿ, ಹುಬ್ಬಳ್ಳಿಯಲ್ಲಿ ಯಂತ್ರದ ಮೇಲೆ ಗಟ್ ಹಾಕುವ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ, "ಎಷ್ಟು ಪೌಂಡ್ ಹಾಕಲಿ ಮೇಡಂ?" ಎಂದು ಕೇಳಿದ. ಗಟ್ಟಿನ ಬಿಗಿಯನ್ನು ಅಳೆಯುವುದು ಪೌಂಡಿನಲ್ಲಿ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಟಿನ ಹಿಡಿಯ ಮೇಲುಗಡೆ 20ರಿಂದ 28 ಎಂದು ಅಚ್ಚಾಗಿತ್ತು. ಹೆಚ್ಚು ಬಿಗಿಯಾದಷ್ಟೂ ಶಟಲ್ ಹೆಚ್ಚು ದೂರ ಹೋಗುತ್ತದೆ ಎಂದುಕೊಂಡು 28 ಎಂದೆ. "24 ಸಾಕಲ್ಲವೇ?" ಎಂದು ಅವನು ಕೇಳಿಯೇ ಕೇಳಿದ. ನಾನು ಬೇಡವೆಂದೆ.

ನಿಜ ಇದಕ್ಕೆ ತೀರ ಉಲ್ಟಾ. ಗಟ್ ಸ್ವಲ್ಪ ಸಡಿಲವಾಗಿದ್ದರೆ ಶಟಲ್ ತಾಗಿದಾಗ ಒಳಕ್ಕೆ ಜಗ್ಗಿ, ಹಿಂದಕ್ಕೆ ಚಿಮ್ಮಿ, ತನ್ನ ಬಲವನ್ನೂ ಕೊಡುತ್ತದೆ. ನಡುವಿನಿಂದ ಕೊಂಚ ಆಚೀಚೆ ತಾಗಿದರೂ ನಡೆಯುತ್ತದೆ. ಬಿಗಿ ಹೆಚ್ಚಿದಂತೆ ಗುರಿ ಹಿಡಿತಕ್ಕೆ ಬರುತ್ತದೆ ನಿಜ, ಆದರೆ ಬಲವನ್ನೆಲ್ಲ ಆಡುವವರ ತೋಳೇ ಕೊಡಬೇಕು. ಸರಿಯಾಗಿ ತಾಗುವ ಜಾಗವೂ ಕಿರಿದಾಗುತ್ತದೆ. ನನ್ನಂಥ ತೋಳಿಗೆ 20ರಿಂದ 23 ಪೌಂಡ್ ಧಾರಾಳ.

ಮೊದಲ ದಿನ ಟಣ್ ಎಂಬ ಆ ಸದ್ದಿಗೇ ಮನಸೋತೆ. ಟಾಸ್ ಮಾತ್ರ ಹಳೆಯ ಬ್ಯಾಟಿಗಿಂತಲೂ ಒಂದಡಿ ಹಿಂದೆಯೇ ಬೀಳುತ್ತಿತ್ತು. ಅದನ್ನು ತುಂಬಿಕೊಳ್ಳಲು ಇನ್ನಷ್ಟು ರಭಸದಿಂದ ಬೀಸಿದೆ. ಮೂರು ವಾರ ಕಳೆಯುವುದರೊಳಗೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಜೋಳದ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಕಪ್ಪುಹಲಗೆಯ ಮೇಲೆ ಅರ್ಧ ಲೆಕ್ಕ ಬರೆಯುವಷ್ಟರಲ್ಲಿ ಕೈ ಇಳಿಸಬೇಕಾಗುತ್ತಿತ್ತು. ಇದು ಟೆನಿಸ್ ಎಲ್ಬೋ, ಒಂದೂವರೆ ತಿಂಗಳು ಬ್ಯಾಟ್ ಮುಟ್ಟಬೇಡಿ ಎಂದರು ವೈದ್ಯರು. ಅದಕ್ಕೆ ನನ್ನ ಬೀಸುವ ರೀತಿಯೂ ಕಾರಣ, ಒಪ್ಪುತ್ತೇನೆ. ಆದರೆ ಬಿಗಿ ದಂಡ, ಬಿಗಿ ಗಟ್, ತಡವಾಗಿ ತಾಗುವ ಏಟು ಮೂರೂ ಸೇರಿದರೆ ಪೆಟ್ಟಿನ ಅದುರು ನೇರ ಮೊಣಕೈಗೇ ಬರುತ್ತದೆ.

ಸಂಕ್ರಮಣದ ನಂತರ ಮತ್ತೆ ಆಟಕ್ಕೆ ಹೋದೆ. ನಾಲ್ಕನೆಯ ದಿನ ಶಟಲ್ ಬ್ಯಾಟಿನ ಅಂಚಿಗೆ ತಾಗಿ ಗಟ್ಟಿನ ಒಂದು ಎಳೆ ತುಂಡಾಯಿತು. ಎಳೆ ತುಂಡಾಗುವುದು ಆಟದಲ್ಲಿ ಸಹಜ. ಆಮೇಲೆ ನಾನು ಮಾಡಿದ್ದು ಮಾತ್ರ ದೊಡ್ಡ ತಪ್ಪು. ಬ್ಯಾಟನ್ನು ಹಾಗೆಯೇ ಚೀಲಕ್ಕೆ ಹಾಕಿಟ್ಟೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳ ನಡುವೆ ಹುಬ್ಬಳ್ಳಿಗೆ ಹೋಗಲು ಹನ್ನೊಂದು ದಿನ ಬಿಡುವಾಗಲಿಲ್ಲ. ಕೊನೆಗೆ ಹೋದಾಗ ಹುಡುಗ ಬ್ಯಾಟನ್ನು ಮೇಜಿನ ಮೇಲೆ ಮಲಗಿಸಿ ತೋರಿಸಿದ. ಮೊಟ್ಟೆಯಾಕಾರದ ತಲೆ ಒಂದು ಮಗ್ಗುಲಿಗೆ ಸೊಟ್ಟಗಾಗಿತ್ತು.

ಕಾರಣ ಸರಳ. ಗಟ್ಟಿನ ಪ್ರತಿಯೊಂದು ಎಳೆಯೂ ಚೌಕಟ್ಟನ್ನು ಒಳಕ್ಕೆ ಜಗ್ಗುತ್ತಿರುತ್ತದೆ. ಎಲ್ಲ ಎಳೆಗಳೂ ಸಮನಾಗಿ ಜಗ್ಗುವವರೆಗೆ ಚೌಕಟ್ಟು ನೆಟ್ಟಗೆ ನಿಲ್ಲುತ್ತದೆ. ಒಂದು ಕಡೆಯ ಎಳೆ ತುಂಡಾದರೆ ಆ ಕಡೆಯ ಜಗ್ಗುವಿಕೆ ಇಳಿಯುತ್ತದೆ, ಉಳಿದ ಕಡೆ 28 ಪೌಂಡಿನ ಬಿಗಿ ಹಾಗೆಯೇ ಇರುತ್ತದೆ. ತೆಳ್ಳಗಿನ ಗ್ರಾಫೈಟ್ ಅದನ್ನು ಬಹಳ ದಿನ ತಡೆಯಲಾರದು. ಎಳೆ ತುಂಡಾದ ಕೂಡಲೇ, ಕೋರ್ಟಿನಲ್ಲೇ, ಕತ್ತರಿ ತೆಗೆದುಕೊಂಡು ಉಳಿದ ಗಟ್ಟನ್ನೆಲ್ಲ ಕತ್ತರಿಸಿಬಿಡಬೇಕು. ಅಂಚಿನಿಂದ ಶುರು ಮಾಡಬಾರದು. ನಡುವಿನ ಅಡ್ಡ ಎಳೆ ಒಂದು, ಉದ್ದ ಎಳೆ ಒಂದು, ಹೀಗೆ ನಡುವಿನಿಂದ ಹೊರಕ್ಕೆ ಹೋಗಬೇಕು. ಆಗ ಬಿಗಿ ಎಲ್ಲ ಕಡೆ ಒಟ್ಟಿಗೆ ಇಳಿಯುತ್ತದೆ. ಈಗ ನನ್ನ ಚೀಲದಲ್ಲಿ ಸಣ್ಣ ಕತ್ತರಿ ಸದಾ ಇರುತ್ತದೆ. ಅಷ್ಟು ಹಣ ತೆಗೆದುಕೊಂಡು ಬ್ಯಾಟ್ ಮಾರುವವರು ಈ ಎರಡು ಸಾಲನ್ನು ಒಂದು ಚೀಟಿಯಲ್ಲಿ ಅಚ್ಚು ಮಾಡಿ ಪೆಟ್ಟಿಗೆಯಲ್ಲಿ ಹಾಕಬಾರದೇ? ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೆ.

ಕಾಕಾಗೆ ಇದನ್ನು ಹೇಳಿದಾಗ ಅವರು ತಮ್ಮ ಕಾಲದ ಮರದ ಬ್ಯಾಟನ್ನು ನೆನೆದರು. ಆಟ ಮುಗಿದ ಮೇಲೆ ಅದನ್ನು ನಾಲ್ಕು ಮೂಲೆಗೆ ತಿರುಪು ಇರುವ ಮರದ ಚೌಕಟ್ಟಿನಲ್ಲಿ ಒತ್ತಿ ಇಡುತ್ತಿದ್ದರಂತೆ, ಇಲ್ಲದಿದ್ದರೆ ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಗೆ ಬ್ಯಾಟ್ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತಿತ್ತಂತೆ. ಗಟ್ ಎಂಬ ಹೆಸರು ಬಂದದ್ದೂ ಹಿಂದೆ ಅದನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದುದರಿಂದ. ಈಗ ನೈಲಾನ್ ಬಂದಿದೆ, ತೇವದ ಕಾಟ ಕಡಿಮೆಯಾಗಿದೆ. ಬ್ಯಾಟಿನ ಆಕಾರ ಕಾಯುವ ಕೆಲಸ ಮಾತ್ರ ತಪ್ಪಿಲ್ಲ.

ಸೊಟ್ಟಗಾದ ಬ್ಯಾಟಿಗೆ ಹುಡುಗ 22 ಪೌಂಡಿನ ಮೇಲೆ ಹಾಕಲು ಒಪ್ಪಲಿಲ್ಲ. ಹಾಕಿಸಿಕೊಂಡು ಬಂದೆ. ಆಡಬಹುದು, ಆದರೆ ತಲೆ ಪೂರ್ತಿ ನೆಟ್ಟಗಾಗಿಲ್ಲ.

ಯುಗಾದಿಯ ಮೊದಲು ಅದೇ ಅಂಗಡಿಯಲ್ಲಿ 2,300 ರೂಪಾಯಿಯ ಬ್ಯಾಟನ್ನು ಕೈಯಲ್ಲಿ ಹಿಡಿದು, ಗಾಳಿಯಲ್ಲಿ ನಾಲ್ಕು ಬಾರಿ ಬೀಸಿ ನೋಡಿ ಕೊಂಡೆ. 4ಯು ತೂಕ, ಅಂದರೆ 80ರಿಂದ 84 ಗ್ರಾಂ. ಯು ಹಿಂದಿನ ಅಂಕಿ ಹೆಚ್ಚಾದಷ್ಟೂ ಬ್ಯಾಟ್ ಹಗುರ. ದಂಡ ಬಾಗುವಂಥದ್ದು. ಕಾರ್ಖಾನೆಯಲ್ಲಿ ಹಾಕಿದ ಗಟ್ಟನ್ನು ಅಲ್ಲಿಯೇ ತೆಗೆಸಿ, 0.70 ಮಿಲಿಮೀಟರ್ ದಪ್ಪದ ಬಿಜಿ 65 ಗಟ್ಟನ್ನು 22 ಪೌಂಡಿಗೆ ಹಾಕಿಸಿದೆ. ಗಟ್ ದಪ್ಪವಾದಷ್ಟೂ ಹೆಚ್ಚು ಬಾಳುತ್ತದೆ. ತೆಳುವಾದದ್ದು ಚೆನ್ನಾಗಿ ಚಿಮ್ಮುತ್ತದೆ, ಆದರೆ ಬೇಗ ತುಂಡಾಗುತ್ತದೆ. ಗಟ್ಟಿಗೂ ಕೂಲಿಗೂ ಸೇರಿ 450 ರೂಪಾಯಿ.

ಎರಡನೆಯ ದಿನವೇ ನನ್ನ ಟಾಸ್ ಎದುರಿನ ಹಿಂದಿನ ಗೆರೆಯ ಹತ್ತಿರ ಬಿತ್ತು. ನಿಧಾನ ಬೀಸುವ ಕೈಗೆ ಬಾಗುವ ದಂಡ ಆಸರೆಯಾಗುತ್ತದೆ. ಅದು ಹಿಂದಕ್ಕೆ ಬಾಗಿ, ಶಟಲ್ ತಾಗುವ ಹೊತ್ತಿಗೆ ಮುಂದಕ್ಕೆ ಚಿಮ್ಮುತ್ತದೆ. ಬಿಗಿ ದಂಡವನ್ನು ಹಾಗೆ ಬಾಗಿಸುವ ವೇಗ ನನ್ನ ಕೈಯಲ್ಲಿ ಇಲ್ಲ. ಐದು ತಿಂಗಳಾಯಿತು, ಮೊಣಕೈ ಸುಮ್ಮನಿದೆ. ಕೊರತೆ ಇಲ್ಲವೆಂದಲ್ಲ. ಸ್ಮ್ಯಾಷ್‌ನಲ್ಲಿ ಆ ಭಾರದ ಬ್ಯಾಟಿನ ಕಸುವು ಇದಕ್ಕಿಲ್ಲ. ಬಣ್ಣ ಬೇಗ ಕೆತ್ತಿಹೋಗುತ್ತದೆ. ಹಿಡಿಯ ಮೇಲೆ ಬಂದ ಗ್ರಿಪ್ ಮೊದಲ ಬೇಸಿಗೆಯ ಬೆವರಿಗೇ ಜಾರತೊಡಗಿತು, ಅದರ ಮೇಲೆ ತೆಳು ಗ್ರಿಪ್ ಸುತ್ತಿಕೊಂಡಿದ್ದೇನೆ.

ಕಾಕಾ ಹೇಳಿದ್ದನ್ನು ತಡವಾಗಿಯಾದರೂ ಪರೀಕ್ಷಿಸಬೇಕೆನಿಸಿತು. 750 ರೂಪಾಯಿಯ ಬ್ಯಾಟಿಗೂ 250 ರೂಪಾಯಿ ಕೊಟ್ಟು, ಕಡಿಮೆ ದರದ ಹೊಸ ಗಟ್ಟನ್ನು 18 ಪೌಂಡಿಗೆ ಹಾಕಿಸಿದೆ. ಆ ಚೌಕಟ್ಟು ಅದಕ್ಕಿಂತ ಹೆಚ್ಚಿನದನ್ನು ತಾಳುವುದಿಲ್ಲ ಎಂದರು ಅಂಗಡಿಯಲ್ಲಿ. ಶಟಲ್ ಒಂದೂವರೆ ಹೆಜ್ಜೆಯಷ್ಟು ಹೆಚ್ಚು ದೂರ ಹೋಯಿತು! ಸಡಿಲ ಗಟ್ ಚಿಮ್ಮುತ್ತದೆ, ಸತ್ತ ಗಟ್ ಚಿಮ್ಮುವುದಿಲ್ಲ. ಕಾಕಾ ಹೆಬ್ಬೆರಳಿನಿಂದ ಒತ್ತಿ ಕಂಡುಕೊಂಡದ್ದು ಅದನ್ನೇ. ಆಗಲೇ ಇದನ್ನು ಮಾಡಿಸಿದ್ದರೆ ದಸರೆಯ ಖರೀದಿಯೇ ಬೇಕಾಗುತ್ತಿರಲಿಲ್ಲ, ಇನ್ನಾರು ತಿಂಗಳು ಅದರಲ್ಲೇ ಆಡಿ, ಆಮೇಲೆ ನೇರವಾಗಿ ಮೂರನೆಯದಕ್ಕೆ ಬರಬಹುದಿತ್ತು. ಈಗ ತಲೆ ಮತ್ತು ದಂಡ ಕೂಡುವ ಜಾಗದಲ್ಲಿ ಅದು ಕಟಕಟ ಎನ್ನುತ್ತದೆ. ಮಗಳು ಅಂಗಳದಲ್ಲಿ ಆಡುತ್ತಾಳೆ.

ದುಬಾರಿ ಬ್ಯಾಟ್ ಕೆಟ್ಟದ್ದು ಎಂದು ನಾನು ಹೇಳಲಾರೆ. ಪಕ್ಕದ ಕೋರ್ಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅಂತರ ಕಾಲೇಜು ಪಂದ್ಯಗಳಿಗಾಗಿ ಗರಿಯ ಶಟಲ್‌ನಲ್ಲಿ ದಿನಾ ಎರಡು ತಾಸು ಅಭ್ಯಾಸ ಮಾಡುತ್ತಾಳೆ. ಗಟ್ ತುಂಡಾಗುವ ಮೊದಲು ಒಮ್ಮೆ ಅವಳಿಗೆ ನನ್ನ ಬ್ಯಾಟ್ ಕೊಟ್ಟಿದ್ದೆ. 28 ಪೌಂಡಿನ ಅದೇ ಗಟ್ಟಿನಿಂದ ಅವಳು ಹೊಡೆದ ಸ್ಮ್ಯಾಷ್ ನೆಲಕ್ಕೆ ಬಡಿದ ಸದ್ದಿಗೆ ನಾವು ನಾಲ್ವರೂ ಆಟ ನಿಲ್ಲಿಸಿ ನೋಡಿದೆವು. ಅಷ್ಟು ವೇಗ ತೋಳಿನಲ್ಲಿದ್ದವರು ಆ 6,400 ರೂಪಾಯಿಯನ್ನು ಧೈರ್ಯವಾಗಿ ಕೊಡಲಿ.

ನನ್ನ ಲೆಕ್ಕ ಹೀಗಿದೆ. ದುಬಾರಿ ಬ್ಯಾಟಿಗೆ 6,400, ಎರಡು ಸಲದ ಗಟ್ಟಿಂಗಿಗೆ 900, ವೈದ್ಯರಿಗೂ ಫಿಸಿಯೋಥೆರಪಿಗೂ 1,800, ಒಟ್ಟು 9,100 ರೂಪಾಯಿ. ಮೂರನೆಯ ಬ್ಯಾಟಿಗೆ ಗಟ್ಟಿಂಗ್ ಸೇರಿ 2,750. ಮೊದಲಿನ ಹಣದಲ್ಲಿ ಅಂಥವು ಮೂರು ಬಂದು ಮೇಲೆ 850 ರೂಪಾಯಿ ಉಳಿಯುತ್ತಿತ್ತು. ಆಡದೆ ಮನೆಯಲ್ಲಿ ಕಳೆದ ಒಂದೂವರೆ ತಿಂಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಮುಂದಿನ ತಿಂಗಳ ಸಂಬಳ ಬಂದ ಮೇಲೆ ಈ ಮೂರನೆಯ ಬ್ಯಾಟಿನಂಥದ್ದೇ ಇನ್ನೊಂದನ್ನು ಕೊಳ್ಳುತ್ತೇನೆ. ಅಂಗಡಿಯಲ್ಲಿ ಗಟ್ಟಿಂಗಿಗೆ ಕೊಟ್ಟರೆ ಮರಳಿ ಕೈಗೆ ಬರಲು ನಾಲ್ಕು ದಿನ ಬೇಕು, ಅಷ್ಟು ದಿನ ಆಟ ಬಿಡಲು ನನಗೆ ಇಷ್ಟವಿಲ್ಲ. ಹಿಡಿಯ ಬುಡಕ್ಕೆ ಬಿಳಿ ಪಟ್ಟಿ ಅಂಟಿಸಿ ಗಟ್ ಹಾಕಿಸಿದ ದಿನಾಂಕ ಬರೆದಿಟ್ಟಿದ್ದೇನೆ. ಆಡಿದರೂ ಆಡದಿದ್ದರೂ ನೈಲಾನ್ ಗಟ್ ದಿನ ಕಳೆದಂತೆ ಬಿಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಆರು ತಿಂಗಳಾಗುತ್ತಿದ್ದಂತೆ, ಎಳೆ ತುಂಡಾಗದಿದ್ದರೂ, ಈ ಬ್ಯಾಟ್ ಒಮ್ಮೆ ಚಿಗರಿ ಹತ್ತಿ ಹುಬ್ಬಳ್ಳಿಗೆ ಹೋಗಲಿದೆ. ಹುಡುಗ ಈಗ ಎಷ್ಟು ಪೌಂಡ್ ಎಂದು ಕೇಳುವುದಿಲ್ಲ, "22 ಅಲ್ಲವೇ ಮೇಡಂ?" ಎನ್ನುತ್ತಾನೆ.