ಯೊಸೆಮಿಟಿಯೋ, ರಾಕಿ ಮೌಂಟನ್ನೋ? ಐದು ಜನರ ನಮ್ಮ ಮದುವೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೊಲರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿಗೆ. ನಮ್ಮ ಮದುವೆ ಆಗಬೇಕಿದ್ದದ್ದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ, 2023ರ ಜೂನ್ ಎರಡನೇ ವಾರ. ಆಗಿದ್ದು ರಾಕಿಯ ಸ್ಪ್ರೇಗ್ ಲೇಕ್ ದಂಡೆಯಲ್ಲಿ, ಸೆಪ್ಟೆಂಬರಿನ ಒಂದು ಬುಧವಾರ ಬೆಳಿಗ್ಗೆ.

ಇಲ್ಲಿಯವರು ಇಲೋಪ್‌ಮೆಂಟ್ ಅಂದರೆ ಈಗ ಮನೆಯವರ ಕಣ್ಣು ತಪ್ಪಿಸಿ ಓಡಿಹೋಗುವುದು ಅಂತಲೇ ಅರ್ಥವಲ್ಲ. ಛತ್ರ, ಆರತಕ್ಷತೆ, ಪಂಕ್ತಿಗಳ ಮೇಲೆ ಪಂಕ್ತಿ, ಇದ್ಯಾವುದೂ ಇಲ್ಲದ ಪುಟ್ಟ ಮದುವೆ. ನಮ್ಮ ಕಡೆ ನಾವಿಬ್ಬರು, ನನ್ನ ಅಮ್ಮ, ಅತ್ತೆ, ಮಾವ, ಅಷ್ಟೇ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರಿಗೆ ಮಾಡಿಸಿದ ಮಂತ್ರ ಮಾಂಗಲ್ಯದ ರೀತಿ ನಮಗಿಬ್ಬರಿಗೂ ಮೊದಲಿಂದ ಇಷ್ಟ. ಪುರೋಹಿತರಿಲ್ಲ, ಹೋಮವಿಲ್ಲ, ಪ್ರಮಾಣ ಓದಿದರೆ ಮದುವೆ. ಅಗ್ನಿಸಾಕ್ಷಿಯಾಗಿಯೇ ಸಪ್ತಪದಿ ತುಳಿಯಬೇಕು ಅನ್ನುವವರಿಗೆ ಎರಡೂ ಪಾರ್ಕು ಆಗಿಬರುವುದಿಲ್ಲ. ಕಂಡಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ.

ನಾವಿರುವುದು ಫ್ರೀಮಾಂಟ್‌ನಲ್ಲಿ, ಯೊಸೆಮಿಟಿಗೆ ಕಾರಿನಲ್ಲಿ ನಾಲ್ಕು ಗಂಟೆ. ಹಾಗಾಗಿ ಬೇರೆ ಯೋಚನೆಯೇ ಮಾಡದೆ ಪಾರ್ಕಿನಲ್ಲಿ ಮದುವೆಯಾಗಲು 150 ಡಾಲರ್ ಕಟ್ಟಿ ಗ್ಲೇಸಿಯರ್ ಪಾಯಿಂಟ್‌ಗೆ ಪರ್ಮಿಟ್ ಅರ್ಜಿ ಹಾಕಿದೆವು. 7,214 ಅಡಿ ಎತ್ತರ, ಎದುರಿಗೆ ಹಾಫ್ ಡೋಮ್ ಬಂಡೆ, ಕಾಲ ಕೆಳಗೆ 3,200 ಅಡಿ ಆಳದಲ್ಲಿ ಕಣಿವೆ. ಅಲ್ಲಿಗೆ ಹೋಗುವ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ಹೊತ್ತಿಗೆ ತೆರೆಯುತ್ತದೆ ಅಂತ ಗೊತ್ತಿತ್ತು. ಜೂನ್ ಅಂದರೆ ಧಾರಾಳವಾಯಿತು ಅಂದುಕೊಂಡೆವು.

ಆ ವರ್ಷದ ಹಿಮ ನಮ್ಮ ಲೆಕ್ಕಕ್ಕೆ ಸಿಗಲಿಲ್ಲ. ಫೆಬ್ರವರಿ ಕೊನೆಯಲ್ಲಿ ಇಡೀ ಪಾರ್ಕನ್ನೇ ಕೆಲವು ವಾರ ಮುಚ್ಚಿದ್ದರು. ದಿನಾ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ಪಾರ್ಕಿನ ರಸ್ತೆಗಳ ಪುಟ ತೆರೆಯುವುದು ನನಗೆ ವ್ರತದ ಹಾಗಾಯಿತು. ಏಪ್ರಿಲ್, ಗ್ಲೇಸಿಯರ್ ಪಾಯಿಂಟ್ ರಸ್ತೆ ಮುಚ್ಚಿದೆ. ಮೇ, ಮುಚ್ಚಿದೆ. ಬೆಂಗಳೂರಿನಿಂದ ಬರಬೇಕಿದ್ದ ಅಮ್ಮನ ಟಿಕೆಟ್ ಬುಕ್ ಆಗಿತ್ತು, ಪಾರ್ಕಿನ ಹೊರಗೆ ಹಿಡಿದಿದ್ದ ಮನೆಯವರು ಹಣ ವಾಪಸ್ ಕೊಡುವುದಿಲ್ಲ ಅಂದಿದ್ದರು. ಯಾವಾಗ ತೆಗೆಯುತ್ತೀರಿ ಅಂತ ಫೋನ್ ಮಾಡಿ ಕೇಳಿದರೆ ಹಿಮ ತೆಗೆದು ಮುಗಿದ ಮೇಲೆ ಅನ್ನುವುದೊಂದೇ ಉತ್ತರ. ಅವರಾದರೂ ಏನು ಹೇಳಿಯಾರು.

ಬದಲಿ ಜಾಗ ಅಂತ ಕಣಿವೆಯಲ್ಲಿ ನದಿ ದಂಡೆಯೊಂದನ್ನು ಬರೆದುಕೊಟ್ಟಿದ್ದೆವು. ಮೇ ತಿಂಗಳ ಮಧ್ಯದಲ್ಲಿ ನೋಡಿ ಬರೋಣ ಅಂತ ಹೋದೆವು. ಜಲಪಾತಗಳ ಅಂಥ ಆರ್ಭಟ ನಾನು ಜೋಗದ ಮಳೆಗಾಲದಲ್ಲಿ ಮಾತ್ರ ಕೇಳಿದ್ದೆ. ಬ್ರೈಡಲ್‌ವೇಲ್ ಫಾಲ್ಸ್ ಬುಡಕ್ಕೆ ಹೋಗುವ ಮೊದಲೇ ತುಂತುರಿಗೆ ತೊಯ್ದು ತೊಪ್ಪೆಯಾದೆವು. ಆದರೆ ನಾವು ನಿಲ್ಲಬೇಕಿದ್ದ ಮರಳ ದಂಡೆಯೇ ಕಾಣಲಿಲ್ಲ. ಕರಗಿದ ಹಿಮದ ನೀರು ಪೈನ್ ಮರಗಳ ಕಾಂಡಕ್ಕೆ ಸುತ್ತಿಕೊಂಡು ಹರಿಯುತ್ತಿತ್ತು. ಕಣಿವೆ ಕಾಣುವ ಟನಲ್ ವ್ಯೂನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಷ್ಟು ಜನ. ಅಷ್ಟು ಮಂದಿಯ ಕ್ಯಾಮೆರಾಗಳ ನಡುವೆ ಅಮ್ಮ ಕಣ್ಣು ಒರೆಸಿಕೊಳ್ಳುವುದು ನನಗೆ ಬೇಡವಾಗಿತ್ತು. ಯೊಸೆಮಿಟಿ ಬೇಡ ಅಂತ ವಾಪಸ್ ಬರುವಾಗ ಕಾರಿನಲ್ಲೇ ತೀರ್ಮಾನ ಮಾಡಿದೆವು. ರಸ್ತೆ ಕೊನೆಗೂ ತೆರೆದದ್ದು ಜುಲೈ 15ಕ್ಕೆ.

ಇನ್ನೊಂದು ತೊಡಕು ಕಾನೂನಿನದು. ಕ್ಯಾಲಿಫೋರ್ನಿಯಾದಲ್ಲಿ ಮದುವೆ ನಡೆಸಿಕೊಡಲು ಅಧಿಕಾರವಿರುವ ಒಬ್ಬರು ಬೇಕೇಬೇಕು, ಮದುವೆಯ ಸಾಮಾನ್ಯ ಲೈಸೆನ್ಸ್ ಆದರೆ ಕನಿಷ್ಠ ಒಂದು ಸಾಕ್ಷಿಯ ಸಹಿಯೂ ಬೇಕು. ಅದಕ್ಕಾಗಿ ಒಪ್ಪಿಕೊಂಡಿದ್ದ ಗೆಳತಿಗೆ ರಜೆ ಇದ್ದದ್ದು ಜೂನ್‌ನಲ್ಲಿ ಮಾತ್ರ. ಕೊಲರಾಡೊದಲ್ಲಿ ಇದೇನೂ ಬೇಡ, ಗಂಡು-ಹೆಣ್ಣು ತಾವೇ ಮದುವೆ ನೆರವೇರಿಸಿಕೊಂಡು ಸಹಿ ಹಾಕಬಹುದು. ರಾಕಿಯ ಪಕ್ಕದ ಎಸ್ಟೆಸ್ ಪಾರ್ಕ್ ಊರಿನ ಕೌಂಟಿ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ, 30 ಡಾಲರ್ ಕೊಟ್ಟೆವು, ಕಾಗದ ಕೈಗೆ ಬಂತು. 35 ದಿನದೊಳಗೆ ಮದುವೆಯಾಗಬೇಕು, ಆದ ಮೇಲೆ 63 ದಿನದೊಳಗೆ ಕಾಗದ ಹಿಂದಿರುಗಿಸಬೇಕು. ಮಂತ್ರ ಮಾಂಗಲ್ಯ ಬಯಸಿದವರಿಗೆ ಹೇಳಿ ಮಾಡಿಸಿದಂಥ ಕಾನೂನು. ನಾವೇ ಓದಿದೆವು, ನಾವೇ ಸಹಿ ಮಾಡಿದೆವು.

ಖರ್ಚಿನಲ್ಲಿ ಯೊಸೆಮಿಟಿಯೇ ಅಗ್ಗ. ರಾಕಿಯಲ್ಲಿ ಪರ್ಮಿಟ್‌ಗೇ 300 ಡಾಲರ್, ಮೇಲೆ ಡೆನ್ವರ್‌ಗೆ ಎಲ್ಲರ ವಿಮಾನ, ಬಾಡಿಗೆ ಕಾರು.

ಎತ್ತರದ ಬಗ್ಗೆ ಎಚ್ಚರ ಬೇಕು. ಸ್ಪ್ರೇಗ್ ಲೇಕ್ ಸುಮಾರು 8,700 ಅಡಿ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎರಡು ಸಾವಿರ ಅಡಿಗೂ ಹೆಚ್ಚು. ಅಮ್ಮನಿಗೆ ಏದುಸಿರು ಬರಬಾರದು ಅಂತ ಎರಡು ರಾತ್ರಿ ಮೊದಲೇ ಹೋಗಿ ಎಸ್ಟೆಸ್ ಪಾರ್ಕ್‌ನಲ್ಲಿ ಉಳಿದೆವು. ಕೆರೆ ಸುತ್ತಿನ ದಾರಿ ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಮಂಡಿನೋವಿನ ಅತ್ತೆ ಯಾರ ಕೈಯನ್ನೂ ಹಿಡಿಯದೆ ನಡೆದರು.

ಅಕ್ಷತೆ ಎರಚುವಂತಿಲ್ಲ, ಹೂವಿನ ಎಸಳೂ ಇಲ್ಲ. ಮನುಷ್ಯರ ಆಹಾರದ ರುಚಿ ಹತ್ತಿದರೆ ಕಾಡುಪ್ರಾಣಿಗಳಿಗೆ ಕೇಡು, ನಿಯಮ ಸರಿಯೇ. ಅಮ್ಮ ಮಾತ್ರ ಅಕ್ಷತೆ ಬಿಡಲೊಲ್ಲರು. ಕೊನೆಗೆ ಮಾವ ತಮ್ಮ ರೇಷ್ಮೆ ಶಲ್ಯ ಹಾಸಿ ನಮ್ಮನ್ನು ಅದರ ಮೇಲೆ ಕೂರಿಸಿದರು. ಅಮ್ಮ ಎಸೆಯದೆ, ಮೂರು ಬೆರಳಲ್ಲಿ ಚಿಟಿಕೆ ಹಿಡಿದು ನೆತ್ತಿಯ ಮೇಲೆ ಇಟ್ಟರು. ಎದ್ದ ಮೇಲೆ ಶಲ್ಯದ ನಾಲ್ಕು ಮೂಲೆ ಸೇರಿಸಿ ಸ್ಟೀಲ್ ಡಬ್ಬಿಗೆ ಸುರಿದೆವು. ಆಚೆ ಬಿದ್ದಿದ್ದ ಏಳೆಂಟು ಅರಿಶಿನದ ಕಾಳನ್ನು ಅಮ್ಮ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಎತ್ತಿಕೊಂಡರು. ಎರಡು ಮಾರು ದೂರದಲ್ಲಿ ಒಂದು ಚಿಪ್‌ಮಂಕ್ ಅಳಿಲು ನಿಂತು ನೋಡುತ್ತಿತ್ತು. ಕೆರೆಯಾಚೆಯಿಂದ ಗಂಡು ಎಲ್ಕ್ ಜಿಂಕೆಯ ಕೂಗು ಕೇಳಿ ಅತ್ತೆ ಶಂಖ ಊದಿದ ಹಾಗಿದೆ ಅಂದರು.

ನಾವು ಬೇಗ ಏಳುವವರು, ಗದ್ದಲ ಆಗದವರು, ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋದವರು. ಅದಕ್ಕೇ ಹೆಚ್ಚು ದುಡ್ಡು ಹೋದರೂ ಕೊಲರಾಡೊ ಸರಿ ಅನ್ನುತ್ತೇನೆ. ಕೈ ಬಿಗಿ ಇದೆ, ನಡೆಸಿಕೊಡುವ ಗೆಳೆಯರು ಹತ್ತಿರದಲ್ಲೇ ಇದ್ದಾರೆ ಅಂದರೆ ಯೊಸೆಮಿಟಿಗೇ ಹೋಗಿ. ಗ್ಲೇಸಿಯರ್ ಪಾಯಿಂಟ್ ಬೇಕೇಬೇಕಿದ್ದರೆ ಸೆಪ್ಟೆಂಬರ್‌ನಲ್ಲಿ ವಾರದ ನಡುವಿನ ದಿನ ನೋಡಿ, ಜೂನ್‌ಗೆ ಮಾತ್ರ ಅಮ್ಮನ ಟಿಕೆಟ್ ಬುಕ್ ಮಾಡಬೇಡಿ.