ಕ್ಯಾಟ್ಸ್ ಡೆಲಿ, ನ್ಯೂಯಾರ್ಕ್: ಮನೆಮಂದಿಯೆಲ್ಲ ಮೊದಲ ಸಲ ಹೋಗುವುದಾದರೆ

ಈಸ್ಟ್ ಹೌಸ್ಟನ್ ಸ್ಟ್ರೀಟ್ ಮತ್ತು ಲಡ್ಲೋ ಸ್ಟ್ರೀಟ್ ಕೂಡುವ ಮೂಲೆಯ ಈ ಡೆಲಿ, ಅಂದರೆ ಮಾಂಸದ ಸ್ಯಾಂಡ್‌ವಿಚ್ಚಿನ ಹೋಟೆಲು, 1888ರಿಂದ ನಡೆದುಬಂದಿದೆ. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದೊಂದು ಟಿಕೆಟ್ ಕೊಡುತ್ತಾರೆ. ತಗೊಂಡದ್ದನ್ನೆಲ್ಲ ಅದರ ಮೇಲೇ ಬರೆಯುತ್ತಾರೆ, ಹೊರಡುವಾಗ ಅದನ್ನು ಕೊಟ್ಟು ದುಡ್ಡು ಕಟ್ಟಬೇಕು. ಕಳೆದರೆ 50 ಡಾಲರ್ ಹೆಚ್ಚುವರಿ ತೆರಬೇಕಾಗುತ್ತದೆ. ಏನೂ ಬರೆಯದ ಖಾಲಿ ಟಿಕೆಟನ್ನೂ ವಾಪಸು ಕೇಳುತ್ತಾರೆ. ಹಾಗಾಗಿ ಎಲ್ಲರ ಟಿಕೆಟ್ ಒಬ್ಬರ ಜೇಬಿನಲ್ಲಿರಲಿ, ಲೆಕ್ಕವೆಲ್ಲ ಒಂದರ ಮೇಲೇ ಬರಲಿ.

ಗೋಡೆ ಪಕ್ಕದ ಟೇಬಲ್‌ಗಳಲ್ಲಿ ಕೂತರೆ ವೇಟರ್ ಬರುತ್ತಾರೆ. ಆರಾಮವೇನೋ ಹೌದು, ಆದರೆ ಮೊದಲ ಸಲ ಹೋದವರು ಕೌಂಟರಿಗೇ ಹೋಗಬೇಕು. ಮಕ್ಕಳ ಜೊತೆ ಒಬ್ಬರು ಮಧ್ಯದ ಟೇಬಲ್ ಹಿಡಿಯಲಿ, ಇನ್ನೊಬ್ಬರು ಸಾಲಿಗೆ ನಿಲ್ಲಲಿ. ಮಾಂಸ ಕೊಯ್ಯುವ ಪ್ರತಿ ಕಟರ್ ಮುಂದೆಯೂ ಬೇರೆ ಸಾಲು ಇರುತ್ತದೆ. ಪಾನೀಯ, ಫ್ರೈಸ್ ಸಿಗುವ ಜಾಗ ಬೇರೆ. ಇದು ಗೊತ್ತಿಲ್ಲದೆ ಬರೀ ಸೋಡಾಕ್ಕಾಗಿ ಸ್ಯಾಂಡ್‌ವಿಚ್ ಸಾಲಿನಲ್ಲಿ ನಿಲ್ಲುವವರು ಬಹಳ. ವಾರಾಂತ್ಯದ ಮಧ್ಯಾಹ್ನ ಸಾಲು ಬೀದಿಗೆ ಬಂದಿರುತ್ತದೆ. ವಾರದ ದಿನ ಮೂರು ಗಂಟೆಯ ಮೇಲೆ ಹೋಗುವುದು ಒಳ್ಳೆಯದು.

ತಿನ್ನಬೇಕಾದದ್ದು ಪಾಸ್ಟ್ರಾಮಿ. ಇದು ದನದ ಮಾಂಸ, ಕೊಬ್ಬು ಎಳೆಎಳೆಯಾಗಿ ಬೆರೆತಿರುವ ಹೊಟ್ಟೆಭಾಗದ್ದು. ಅದನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಕೊತ್ತಂಬರಿ ಬೀಜ, ಕರಿಮೆಣಸು, ಬೆಳ್ಳುಳ್ಳಿ ಮೆತ್ತಿ, ಹೊಗೆಯಲ್ಲಿಟ್ಟು, ಕೊನೆಗೆ ಹಬೆಯಲ್ಲಿ ಬೇಯಿಸುತ್ತಾರೆ. ಉಪ್ಪುನೀರಿನಲ್ಲೇ ನೆನೆಸುವ ಇನ್ನೊಂದು ಬಗೆಯ ದನದ ಮಾಂಸ ಕಾರ್ನ್ಡ್ ಬೀಫ್, ಅದಕ್ಕೆ ಈ ಮಸಾಲೆಯೂ ಇಲ್ಲ, ಹೊಗೆಯೂ ಇಲ್ಲ. ಕಟರ್ ಮೊದಲು ಒಂದು ತುಣುಕನ್ನು ಪುಟ್ಟ ತಟ್ಟೆಯಲ್ಲಿಟ್ಟು ರುಚಿ ನೋಡಲು ಕೊಡುತ್ತಾರೆ: ಅಂಚೆಲ್ಲ ಕಪ್ಪು ಮೆಣಸಿನ ಹೊರಪದರ, ಒಳಗೆ ಕೆಂಪು. ಬೆಂದಿಲ್ಲವೆಂದು ಹೆದರಬೇಡಿ, ಆ ಕೆಂಪು, ಮಾಂಸ ಕೆಡದಂತೆ ಹಾಕುವ ಕ್ಯೂರಿಂಗ್ ಉಪ್ಪಿನಿಂದ ಬಂದದ್ದು. ಇಷ್ಟು ಮೆತ್ತಗೆ ಬೆಂದ ಮಾಂಸ ಯಂತ್ರದಲ್ಲಿ ತೆಳ್ಳಗೆ ಕೊಯ್ದರೆ ಪುಡಿಪುಡಿಯಾಗುತ್ತದೆ. ಅದಕ್ಕೇ ಇಲ್ಲಿ ಚಾಕು ಹಿಡಿದು, ಎಳೆಗೆ ಅಡ್ಡಲಾಗಿ, ದಪ್ಪಗೆ ಕೊಯ್ಯುತ್ತಾರೆ. ಕಣ್ಣೆದುರೇ ನಡೆಯುವ ಆ ಕೆಲಸಕ್ಕೆ ಕೌಂಟರಿನ ಲೋಟದಲ್ಲಿ ಒಂದೆರಡು ಡಾಲರ್ ಟಿಪ್ಸ್ ಹಾಕಿ.

‘ಜ್ಯೂಸಿ’ ಎಂದು ಕೇಳಿ. ಕೊಬ್ಬಿಗೆ ಹೆದರಿ ‘ಲೀನ್’ ಎಂದರೆ ಒಣಗಿದ್ದು ಬರುತ್ತದೆ, ಆಮೇಲೆ ಡೆಲಿಯನ್ನು ಬೈದು ಪ್ರಯೋಜನವಿಲ್ಲ. ರೈ ಬ್ರೆಡ್, ಸಾಸಿವೆ ಸಾಸ್, ಅಷ್ಟೇ ಸಾಕು. ಮೆಯೊನೇಸ್ ಬೇಡವೇ ಬೇಡ. ಒಂದು ಸ್ಯಾಂಡ್‌ವಿಚ್ಚಿಗೆ 25 ಡಾಲರಿಗೂ ಮೇಲೆ, ಆದರೆ ಇಬ್ಬರಿಗೆ ಧಾರಾಳ. ನಾಲ್ವರಿಗೆ ಎರಡು ಸ್ಯಾಂಡ್‌ವಿಚ್, ಒಂದು ತಟ್ಟೆ ಲಾಟ್ಕೆ ಸಾಕು. ಲಾಟ್ಕೆ ಅಂದರೆ ತುರಿದ ಆಲೂಗಡ್ಡೆಯನ್ನು ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಸೇಬಿನ ಸಾಸ್ ಜೊತೆ ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಜೊತೆಗೆ ಬರುವ ಸೌತೆಯ ಉಪ್ಪಿನಕಾಯಿಯಲ್ಲಿ ಹಸಿರಾದದ್ದು ಹಾಫ್ ಸೋರ್, ಕಡಿಮೆ ದಿನ ಹುಳಿತದ್ದು, ಕಚಕ್ ಅನ್ನುತ್ತದೆ. ಮಸುಕು ಬಣ್ಣದ್ದು ಫುಲ್ ಸೋರ್, ಚೆನ್ನಾಗಿ ಹುಳಿ ಬಂದಿರುತ್ತದೆ.

ಇದು ಯಹೂದಿ ಶೈಲಿಯ ಡೆಲಿ, ಆದರೆ ಕೋಷರ್ ಅಲ್ಲ, ಅಂದರೆ ಮಾಂಸ ಮತ್ತು ಹಾಲಿನ ಪದಾರ್ಥ ಬೆರೆಸಬಾರದೆಂಬಂಥ ಯಹೂದಿ ಆಹಾರ ನಿಯಮಗಳನ್ನು ಇಲ್ಲಿ ಪಾಲಿಸುವುದಿಲ್ಲ. ಮಾಂಸಕ್ಕೆ ಚೀಸ್ ಸೇರಿಸಿದ ರೂಬೆನ್ ಸ್ಯಾಂಡ್‌ವಿಚ್ ಕೂಡ ಇಲ್ಲಿ ಸಿಗುತ್ತದೆ. ಕೋಷರ್ ಪಾಲಿಸುವ ಸ್ನೇಹಿತರು ಜೊತೆಗಿದ್ದರೆ ಸೆಕೆಂಡ್ ಅವೆನ್ಯೂ ಡೆಲಿಗೆ ಹೋಗಿ.

ದನದ ಮಾಂಸ ತಿನ್ನದವರಿಗೆ ಟರ್ಕಿ ಕೋಳಿ ಇದೆ. ಮಾಟ್ಜೊ ಬಾಲ್ ಸೂಪಿನ ಉಂಡೆ ಹಿಟ್ಟಿನದಾದರೂ ಸಾರು ಕೋಳಿಯದು, ಸಸ್ಯಾಹಾರಿಗಳು ಮೋಸಹೋಗಬಾರದು. ನಿಜ ಹೇಳಬೇಕೆಂದರೆ ಶುದ್ಧ ಸಸ್ಯಾಹಾರಿಗಳಿಗೆ ಇಲ್ಲಿ ಹೊಟ್ಟೆ ತುಂಬುವುದು ಕಷ್ಟ, ಮಾಂಸದ ವಾಸನೆಯೂ ಗಾಢ. ಅವರು ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ಕೆಲವೇ ನಿಮಿಷ ನಡೆದರೆ 1910ರ ಯೋನಾ ಶಿಮ್ಮೆಲ್ ಬೇಕರಿ ಸಿಗುತ್ತದೆ. ಅಲ್ಲಿನ ಆಲೂಗಡ್ಡೆ ಕ್ನಿಶ್ ಕರಿದದ್ದಲ್ಲ, ಓವನ್ನಿನಲ್ಲಿ ಬೇಯಿಸಿದ್ದು. ತೆಳು ಹಿಟ್ಟಿನ ಹೊದಿಕೆಯೊಳಗೆ ಕೈತುಂಬ ಪಲ್ಯ. ಖಾರ ಏನೇನೂ ಇರುವುದಿಲ್ಲ, ಸಾಸಿವೆ ಸಾಸ್ ಕೇಳಿ ಹಾಕಿಸಿಕೊಳ್ಳಿ, ಬಿಸಿ ಮಾಡಿಸಿಯೇ ತಿನ್ನಿ.