ನಾಲ್ಕು ಕಾರು ಓಡಿಸಿದ್ದಾಯಿತು, ನನಗೆ ವ್ಯಾಗನ್ ಆರ್ ಸಾಕು

2025ರ ಜುಲೈನಲ್ಲಿ ನನ್ನ ದೊಡ್ಡ ಕಾರು ಮಾರಿ ಮತ್ತೆ ವ್ಯಾಗನ್ ಆರ್ ತಗೊಂಡೆ. ಅದೂ ಸೆಕೆಂಡ್ ಹ್ಯಾಂಡ್. "ಹದಿನೇಳು ಲಕ್ಷದ ಗಾಡಿ ಕೊಟ್ಟು ಇದನ್ನ ತಗೊಂಡ್ಯಾ?" ಅಂತ ನಮ್ಮ ಭಾವ ಎರಡು ಸಲ ಕೇಳಿದರು. ಹೌದು ಭಾವ, ತಗೊಂಡೆ. ಕೀ ಕೈಗೆ ಬಂದ ದಿನ ನನಗೆ ಆದ ಖುಷಿ ದೊಡ್ಡ ಕಾರು ಬಂದಾಗಲೂ ಆಗಿರಲಿಲ್ಲ. ಬೆಂಗಳೂರಿನ ಹನುಮಂತನಗರ, ಗವೀಪುರದಂಥ ಇಕ್ಕಟ್ಟಿನ ಕಡೆ ಮನೆ ಇಟ್ಟುಕೊಂಡು ಕಾರು ಹುಡುಕುತ್ತಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಮೊದಲು ಬಂದದ್ದು ಪ್ರೀಮಿಯರ್ ಪದ್ಮಿನಿ. ಆದರೆ ಯಾರ ಬಾಯಲ್ಲೂ ಪದ್ಮಿನಿ ಇರಲಿಲ್ಲ, ಎಲ್ಲರಿಗೂ ಅದು ಫಿಯೆಟ್ಟೇ. ಮೂಲದಲ್ಲಿ ಅದು ಇಟಲಿಯ ಫಿಯೆಟ್ 1100 ತಾನೇ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ನಮ್ಮದರಲ್ಲಿ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಅಪ್ಪ, ಅಮ್ಮ, ನಡುವೆ ನಾನು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ವರ್ಷಕ್ಕೆರಡು ಸಲ ಹೀಗೇ ಹೋಗುತ್ತಿದ್ದೆವು.

ನಾನು ಕಾರು ಕಲಿತದ್ದೂ ಅದರಲ್ಲೇ, 1993ರಲ್ಲಿ. ಬೆಳಗ್ಗೆ ಐದೂವರೆಗೆ ಅಪ್ಪ ಎಬ್ಬಿಸಿ ಬುಲ್ ಟೆಂಪಲ್ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಏರಿನಲ್ಲಿ ನಿಲ್ಲಿಸಿ, "ಕ್ಲಚ್ ಮೇಲೆ ಗಾಡಿ ಹಿಡೀಬೇಡ ಪುಟ್ಟಿ, ಹ್ಯಾಂಡ್‌ಬ್ರೇಕ್ ಹಾಕು. ಕ್ಲಚ್ಚಿಗೂ ಜೀವ ಇದೆ" ಅನ್ನುತ್ತಿದ್ದರು. ಇದು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

1996ರಲ್ಲಿ ಮಾರುತಿ 800 ಬಂತು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್. ಫಿಯೆಟ್ ಓಡಿಸಿದ ಕೈಗೆ ಅದು ಹೂವು ಎತ್ತಿದ ಹಾಗೆ. ಗಾಂಧಿ ಬಜಾರಿನಲ್ಲಿ ಹೂವಿನಂಗಡಿ ಎದುರು ಸಿಕ್ಕ ಚೂರು ಜಾಗದಲ್ಲೇ ನಿಲ್ಲಿಸಿ ಬರುತ್ತಿದ್ದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಆ ಕಾರನ್ನು 2014ರ ಜನವರಿಯಲ್ಲಿ ತಯಾರಿಸುವುದನ್ನೇ ನಿಲ್ಲಿಸಿದರು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟು ಹೊತ್ತಿಗೆ ನಮ್ಮದು ಮನೆಯಲ್ಲಿರಲಿಲ್ಲ. ಅಮ್ಮನಿಗೆ ಮಂಡಿನೋವು ಶುರುವಾಗಿತ್ತು. ತಗ್ಗಿನ ಸೀಟಿನಿಂದ ಏಳಲು ಒಬ್ಬರು ಕೈ ಕೊಡಬೇಕಿತ್ತು.

ಅದಕ್ಕೇ 2011ರಲ್ಲಿ ವ್ಯಾಗನ್ ಆರ್. ಅಮ್ಮ ಬಾಗಿಲು ತೆಗೆದು, ತಿರುಗಿ ಕುರ್ಚಿ ಮೇಲೆ ಕೂತ ಹಾಗೆ ಕೂತು, ಕಾಲು ಒಳಗೆ ಎಳೆದುಕೊಂಡರು. ಯಾರ ಕೈಯೂ ಬೇಕಾಗಲಿಲ್ಲ. ಅವತ್ತೇ ನನಗೆ ಈ ಕಾರು ಇಷ್ಟ ಆಗಿಹೋಯಿತು. ಹತ್ತು ವರ್ಷ ಓಡಿಸಿದೆ. ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ, ಅದೇ ಅದರ ಗುಣ.

ಹಾಗಿದ್ದರೆ ಮಾರಿದ್ದು ಯಾಕೆ? 2021ರಲ್ಲಿ ಎಲ್ಲರ ಬಾಯಲ್ಲೂ ಎಸ್‌ಯುವಿ, ಎಲ್ಲರ ಬಾಯಲ್ಲೂ ಆಟೊಮ್ಯಾಟಿಕ್. "ಈ ಟ್ರಾಫಿಕ್ಕಲ್ಲಿ ಎಷ್ಟು ದಿನ ಕ್ಲಚ್ ತುಳೀತೀಯಾ?" ಅಂತ ಅಕ್ಕನೂ ಹೇಳಿದಳು. ಒಂದು ಪೆಟ್ರೋಲ್ ಆಟೊಮ್ಯಾಟಿಕ್ ಎಸ್‌ಯುವಿ ತಗೊಂಡೆ. ಅದರ ಹೆಸರು ಇಲ್ಲಿ ಬೇಡ. ಶೋರೂಂ ಬೆಲೆ 14 ಲಕ್ಷ. ಆಗ ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಬೆಲೆ 10 ಲಕ್ಷ ದಾಟಿ 20 ಲಕ್ಷದೊಳಗಿದ್ದರೆ ರಸ್ತೆ ತೆರಿಗೆ ಶೇ 17, ಅದರ ಮೇಲೆ ಸೆಸ್. ತೆರಿಗೆಯೇ ಎರಡೂವರೆ ಲಕ್ಷ ದಾಟಿ, ವಿಮೆ ಸೇರಿ ಮನೆಗೆ ಬರುವಾಗ ಹದಿನೇಳಾಯಿತು.

ನೆಲಮಂಗಲ ದಾಟಿ ಹಾಸನದ ದಾರಿ ಹಿಡಿದರೆ ಅದು ಒಳ್ಳೆಯ ಕಾರೇ. ಗೇರ್ ಬದಲಾಗುವುದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅದನ್ನು ಇಲ್ಲ ಅನ್ನುವುದಿಲ್ಲ.

ತೊಂದರೆ ಶುರುವಾದದ್ದು ಊರೊಳಗೆ. ಅದರಲ್ಲಿದ್ದದ್ದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದರಲ್ಲೂ ಡ್ರೈ ಕ್ಲಚ್. ಈ ಮಾತು ಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ. ಕ್ಲಚ್ ಅಂದರೆ ಎಂಜಿನ್ನನ್ನು ಗೇರಿಗೆ ಸೇರಿಸುವ, ಬಿಡಿಸುವ ಭಾಗ. ಇದರೊಳಗೆ ಅಂಥವು ಎರಡು ಇರುತ್ತವೆ. ಒಂದು 1, 3, 5ನೇ ಗೇರ್ ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6. ಒಂದು ಬಿಡುತ್ತಿದ್ದ ಹಾಗೇ ಇನ್ನೊಂದು ಹಿಡಿಯುತ್ತದೆ, ಅದಕ್ಕೇ ಅಷ್ಟು ನಯ. ಆದರೆ ಕಾರು ಆಮೆ ಹಾಗೆ ತೆವಳುವಾಗ ಕ್ಲಚ್ ಪೂರ್ತಿ ಹಿಡಿದುಕೊಳ್ಳಲು ಆಗುವುದಿಲ್ಲ, ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಉಜ್ಜಿದರೆ ಬಿಸಿ. ವೆಟ್ ಕ್ಲಚ್ ಆದರೆ ಎಣ್ಣೆಯಲ್ಲಿ ಮುಳುಗಿರುತ್ತದೆ, ಎಣ್ಣೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಡ್ರೈ ಕ್ಲಚ್ಚಿಗೆ ಗಾಳಿಯೇ ಗತಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಂಜೆ ಆರೂವರೆಗೆ ನಿಂತ ಕಾರಿಗೆ ಎಲ್ಲಿಯ ಗಾಳಿ?

2023ರ ಗೌರಿ ಹಬ್ಬದ ಹಿಂದಿನ ದಿನ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಕ್ಕನ ಮನೆ. ಅಮ್ಮ ತವರಿನ ಬಾಗಿನ ಕೊಡಬೇಕು ಅಂತ ಮೊರದ ಬಾಗಿನ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಸಿಲ್ಕ್ ಬೋರ್ಡ್ ದಾಟುವುದಕ್ಕೇ ಮುಕ್ಕಾಲು ಗಂಟೆ. ಮುಂದೆ ಎಲಿವೇಟೆಡ್ ರಸ್ತೆಗೆ ಹತ್ತುವ ಏರು. ಅಲ್ಲೂ ಗಾಡಿಗಳು ಒಂದು ಮೊಳ ಹೋಗಿ ನಿಲ್ಲುತ್ತಿದ್ದವು. ಮೊದಲು ಕಾರು ನಡುಗಿತು. ಆಮೇಲೆ ಸುಟ್ಟ ವಾಸನೆ. ಪರದೆ ಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅಂತ ಬಂತು. ಏರಿನ ಅರ್ಧದಲ್ಲಿ ಸುರಕ್ಷಿತ ಜಾಗ ಎಲ್ಲಿದೆ? ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮಾಡುತ್ತದೆ, ಕಾರು ಮುಂದಕ್ಕೆ ಹೋಗುವುದಿಲ್ಲ.

ಹಿಂದಿನ ಗಾಡಿಗಳ ಹಾರ್ನ್ ಈಗಲೂ ಕಿವಿಯಲ್ಲಿದೆ. ನಮ್ಮ ಹಿಂದೆ ಇದ್ದ ಕ್ಯಾಬಿನ ಡ್ರೈವರ್ ಇಳಿದು ಬಂದರು. "ಗಾಬರಿ ಆಗಬೇಡಿ ಅಕ್ಕ. ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡ್ಕೊಂಡು ನಿಧಾನಕ್ಕೆ ಎಡಕ್ಕೆ ಬಿಡಿ, ಹಿಂದೆ ನಾನು ನೋಡ್ಕೋತೀನಿ" ಅಂದರು. ಹಿಂದಿನವರನ್ನೆಲ್ಲ ಅವರೇ ತಡೆದು ಗೋಡೆ ಪಕ್ಕ ನಿಲ್ಲಿಸಿಕೊಟ್ಟರು. ಹೆಸರು ಕೇಳುವುದಕ್ಕೂ ಮರೆತೆ. ಎಲ್ಲಿದ್ದರೂ ಚೆನ್ನಾಗಿರಲಿ. ಇಪ್ಪತ್ತೈದು ನಿಮಿಷ ಕಾದ ಮೇಲೆ ಸಂದೇಶ ಹೋಯಿತು. ಅಷ್ಟು ಹೊತ್ತೂ ಅಮ್ಮ ಬಾಗಿನ ಕೆಳಗಿಡಲಿಲ್ಲ. ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವಾದದ್ದು.

ಸರ್ವಿಸ್ ಸೆಂಟರಿನಲ್ಲಿ ಹೇಳಿದ್ದು: "ಮೇಡಂ, ಇದು ನಿಮ್ಮ ಡ್ರೈವಿಂಗ್ ಸ್ಟೈಲ್." ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆ ನಿಲ್ಲಿಸಿದ್ದೀರಿ ಅಂದರು. ಮೂವತ್ತು ವರ್ಷದಿಂದ ನಾನು ಹಾಗೆ ಮಾಡಿಲ್ಲ, ಅಪ್ಪ ಹಾಗೆ ಕಲಿಸಲಿಲ್ಲ. ಅವತ್ತೂ ಬ್ರೇಕ್ ಮೇಲೇ ಕಾಲಿತ್ತು. ಕ್ಲಚ್ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ ಅಂತ 78,000 ರೂಪಾಯಿ ಬಿಲ್ ಮಾಡಿದರು. ಕೊಟ್ಟೆ. ಮುಂದಿನ ವರ್ಷ ಮಳೆಗಾಲದಲ್ಲಿ ಮತ್ತೆ ಅದೇ ಸಂದೇಶ ಬಂದಾಗ ಮಾರುವುದು ಅಂತ ತೀರ್ಮಾನ ಮಾಡಿದೆ.

ಮಾರುವ ಮೊದಲು ಬೇರೆಯವನ್ನೂ ನೋಡಿದೆ. ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಒಂದನ್ನು ಸಂಜೆ ಹೊತ್ತಲ್ಲೇ ಓಡಿಸಿದೆ. ಅದರಲ್ಲಿ ಎಂಜಿನ್ ಮತ್ತು ಗೇರಿನ ನಡುವೆ ಎಣ್ಣೆಯೇ ಕೆಲಸ ಮಾಡುವುದರಿಂದ ತೆವಳುವಾಗ ಉಜ್ಜುವ ಕ್ಲಚ್ ಇಲ್ಲ. ಟ್ರಾಫಿಕ್ಕಿಗೆ ಆಟೊಮ್ಯಾಟಿಕ್ಕೇ ಬೇಕು ಅನ್ನುವವರು ಇದನ್ನು ನೋಡಿ. ನನ್ನ ಬಜೆಟ್ಟಿಗೆ ಬರಲಿಲ್ಲ. ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿದು ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಬೆಲೆ ಕಡಿಮೆ. ಆದರೆ ಕ್ಲಚ್ ಯಾವಾಗ ಹಿಡಿಯಬೇಕು ಅನ್ನುವುದು ಇನ್ನು ನನ್ನ ಕಾಲಿಗೇ ಗೊತ್ತಾಗಬೇಕು ಅಂತ ಅನಿಸಿತ್ತು.

ಎಲೆಕ್ಟ್ರಿಕ್ ಮೇಲೆ ಮನಸ್ಸಿತ್ತು. 2001ರಲ್ಲೇ ನಮ್ಮ ಬೆಂಗಳೂರಿನಲ್ಲಿ ರೇವಾ ಓಡಾಡಿದ್ದನ್ನು ಕಂಡವಳು ನಾನು. ಕ್ಲಚ್ಚೇ ಇಲ್ಲದ ಕಾರು, ಈ ಊರಿಗೆ ಅದಕ್ಕಿಂತ ಸರಿಯಾದದ್ದು ಇಲ್ಲ. ಆದರೆ ನಮ್ಮದು ಬಾಡಿಗೆ ಮನೆ, ಕಾರು ನಿಲ್ಲುವುದು ಬೀದಿಯಲ್ಲಿ. ರಾತ್ರಿ ಚಾರ್ಜಿಗೆ ವೈರು ಎಳೆಯಲು ಆಗದು.

ಕೊನೆಗೆ 2019ರ ಮಾಡೆಲ್ ವ್ಯಾಗನ್ ಆರ್, 1.2 ಲೀಟರ್, ಮ್ಯಾನ್ಯುಯಲ್, 4.6 ಲಕ್ಷ. ದೊಡ್ಡ ಕಾರು ಮಾರಿ ಬಂದದ್ದು 10 ಲಕ್ಷ. ಉಳಿದ ದುಡ್ಡಲ್ಲಿ ಸಾಲ ತೀರಿತು. ಅಗಲ ಸುಮಾರು 1.62 ಮೀಟರ್. ದೊಡ್ಡದು ಅದಕ್ಕಿಂತ 17 ಸೆಂಟಿಮೀಟರ್ ಜಾಸ್ತಿ ಇತ್ತು, ಅಂದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. ನಮ್ಮ ಬೀದಿಯಲ್ಲಿ ಎರಡು ಕಡೆ ಗಾಡಿ ನಿಂತಾಗ ಆ ಗೇಣೇ ಎಲ್ಲ. ಹಿಂದೆ ಎದುರು ಗಾಡಿ ಬಂದರೆ ತಿರುವಿನವರೆಗೂ ರಿವರ್ಸ್ ಹೋಗುತ್ತಿದ್ದೆ. ಈಗ ಕನ್ನಡಿ ಮಡಚಿದರೆ ಸಾಕು.

ಹೆದ್ದಾರಿಯಲ್ಲಿ ದೊಡ್ಡದೇ ಮೇಲು. ಡಿಕ್ಕಿ ಜಾಗ ಹೆಚ್ಚುಕಮ್ಮಿ ನಮಗೆ ಸಾಕು. ಸದ್ದು ಇದರಲ್ಲಿ ಸ್ವಲ್ಪ ಜಾಸ್ತಿ. ನಾನು ಆಫೀಸಿಗೆ ಹೋಗುವುದು ನ್ಯಾಷನಲ್ ಕಾಲೇಜಿನಿಂದ ಮೆಟ್ರೊದಲ್ಲಿ, ಕಾರು ಸಂಜೆಗೆ ಮತ್ತು ಭಾನುವಾರಕ್ಕೆ. ವಾರಕ್ಕೊಮ್ಮೆ ಹೈವೇ ಹಿಡಿಯುವವರು, ಮನೆಯಲ್ಲೇ ಕಾರು ನಿಲ್ಲಿಸಲು ಜಾಗ ಇರುವವರು ನನ್ನ ಲೆಕ್ಕ ಹಿಡಿಯಬೇಡಿ. ಡ್ಯುಯಲ್ ಕ್ಲಚ್ಚೇ ಬೇಕು ಅಂದರೆ ಮೊದಲು ಡ್ರೈಯೋ ವೆಟ್ಟೋ ಕೇಳಿ. ಕ್ಲಚ್ಚಿಗೆ ವಾರಂಟಿ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಟೆಸ್ಟ್ ಡ್ರೈವ್ ಬೆಳಗ್ಗೆ ಹನ್ನೊಂದಕ್ಕೆ ಮಾಡಬೇಡಿ, ಸಂಜೆ ಆರಕ್ಕೇ ಬೇಕು ಅಂತ ಹಟ ಹಿಡಿಯಿರಿ.

ಆಗಸ್ಟಿನಲ್ಲಿ ಗೌರಿ ಹಬ್ಬ ಬಂತು. ಅಷ್ಟು ಹೊತ್ತಿಗೆ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಗಿತ್ತು. "ಅದರಲ್ಲೇ ಬಾ ಅಮ್ಮ" ಅಂತ ಅಕ್ಕ ಫೋನ್ ಮಾಡಿದಳು. "ಬಾಗಿನ ಹಿಡ್ಕೊಂಡು ಆ ರಷ್ಷಲ್ಲಿ ನಿಲ್ಲೋಕಾಗಲ್ಲ ಕಣೇ, ಕಾರಲ್ಲೇ ಬರ್ತೀವಿ" ಅಂದರು ಅಮ್ಮ. ಮುಂದಿನ ಸೀಟಲ್ಲಿ ತಾವೇ ಕೂತು ಬೆಲ್ಟ್ ಹಾಕಿಕೊಂಡು, ಮೊರ ತೊಡೆ ಮೇಲೆ ಇಟ್ಟುಕೊಂಡರು. ಆ ಏರಿನಲ್ಲಿ ಮತ್ತೆ ಸಾಲು ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿದೆ. "ನಿಮ್ಮಪ್ಪನ ಹಾಗೇ ಎಳೀತೀಯ" ಅಂದರು.